ಗದ್ದಲ ತೆಗೆದ ಮೇಲೆ

ನನಗೊಂದು ಚಟವಿದೆ. ಎಲೆ ಅಡಿಕೆಯದಲ್ಲ, ಇಸ್ಪೀಟಿನದೂ ಅಲ್ಲ. ಅವಾಗಿದ್ದರೆ ಬಿಡಿಸುವುದಕ್ಕೆ ನಾಲ್ಕು ಜನ ಹಿರಿಯರಾದರೂ ಮುಂದೆ ಬರುತ್ತಿದ್ದರು. ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮರು ತಾವೇ ಮಾಡಿ ಪುಕ್ಕಟೆ ಬಿಟ್ಟ ಪ್ರೋಗ್ರಾಂಗಳನ್ನು ತಂದು ಕಂಪ್ಯೂಟರಿಗೆ ತುಂಬಿ, ಅವುಗಳಿಂದ ಏನಾಗುತ್ತದೆಂದು ನೋಡುವ ಚಟ ಇದು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಜಾತಿಯವನು ನಾನು.

ತುಂಗಭದ್ರಾ ಡ್ಯಾಂನ ನಾಲೆ ಆಫೀಸಿನಲ್ಲಿ ನಕ್ಷೆ ಬರೆಯುವುದು ನನ್ನ ಕೆಲಸ. ನಾನು ಹೇಳುತ್ತಿರುವುದು ಊರೆಲ್ಲ ಕಬ್ಬಿಣದ ಅದಿರಿರುವ ಕೆಂಪು ಮಣ್ಣಿನ ಹಿಂದೆ ಬಿದ್ದಿದ್ದ ಕಾಲದ ಮಾತು. ನಿನ್ನೆ ಸೈಕಲ್ ತುಳಿಯುತ್ತಿದ್ದವರು ಇವತ್ತು ದೊಡ್ಡ ಕಾರಿನಿಂದ ಇಳಿಯುತ್ತಿದ್ದರು. ಹೊಸಪೇಟೆಯ ಸೈಬರ್ ಕೆಫೆಯಲ್ಲಿ ನನ್ನ ಎಡಬಲಕ್ಕೆ ಕೂತವರು ಚೀನಾಕ್ಕೆ ಅದಿರು ಏನು ದರದಲ್ಲಿ ಹೋಗುತ್ತಿದೆ ಎಂದು ನೋಡುತ್ತಿದ್ದರೆ, ನಡುವೆ ಕೂತ ನಾನು, ಕಂಡು ಕೇಳರಿಯದ ದೇಶದವನೊಬ್ಬ ತನ್ನ ಮನೆಯಲ್ಲಿ ಮಾಡಿದ ಪ್ರೋಗ್ರಾಂ ಕರೆಂಟು ಹೋಗುವುದರೊಳಗೆ ಪೂರ್ತಿ ಇಳಿಯಲಪ್ಪಾ ಎಂದು ದೇವರಿಗೆ ಕೈ ಮುಗಿಯುತ್ತಿದ್ದೆ. ಇಳಿದದ್ದನ್ನು ಸಿ.ಡಿ.ಗೆ ಹಾಕಿಸಿ ಮನೆಗೆ ತರುವುದು. “ಮಂದಿ ಗುಡ್ಡ ಅಗದು ಮನಿ ಕಟ್ಟಿಸಿದ್ರು. ನೀವು ಸಿ.ಡಿ. ಪೇರಿಸಿ ಒಂದು ಗ್ವಾಡಿನರ ಕಟ್ರಿ” ಎಂದು ನನ್ನ ಹೆಂಡತಿ ಶಾಂತಾ ಹೇಳುತ್ತಿದ್ದಳು.

ಮೊದಲು ತಂದದ್ದು ಫೋಟೋ ಜೋಡಿಸುವ ಪ್ರೋಗ್ರಾಂ. ಪಕ್ಕಪಕ್ಕದಲ್ಲಿ ತೆಗೆದ ಹತ್ತಾರು ಫೋಟೋ ಕೊಟ್ಟರೆ ಹೊಲಿಗೆ ಕಾಣದಂತೆ ಒಂದೇ ಉದ್ದನೆಯ ಚಿತ್ರ ಮಾಡಿಕೊಡುತ್ತದೆ. ಹಂಪಿಗೆ ಹೋಗಿ ಬಜಾರಿನ ಕಲ್ಲುಕಂಬಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತೆಗೆದೆ. ಜೋಡಿಸಿದ ಚಿತ್ರವನ್ನು ಹೆಮ್ಮೆಯಿಂದ ಶಾಂತಾಳಿಗೆ ತೋರಿಸಿದರೆ ಅವಳು ಕಂಬಗಳನ್ನು ನೋಡಲೇ ಇಲ್ಲ. “ಈ ಅಜ್ಜ ಮೂರು ಕಡಿ ಯಾಕ ನಿಂತಾನ್ರಿ?” ಎಂದಳು. ನಿಜ. ಕೊಡ ಹಿಡಿದ ಅದೇ ಮುದುಕ, ಅದೇ ರುಮಾಲು, ಮೂರು ಕಂಬಗಳ ಮುಂದೆ ನಿಂತು ಮೂರೂ ಕಡೆಯಿಂದ ನಮ್ಮನ್ನೇ ನೋಡುತ್ತಿದ್ದ. ನನ್ನ ಕ್ಯಾಮೆರಾ ತಿರುಗಿದಂತೆ ಅವನೂ ನಡೆದು ಬಂದಿರಬೇಕು. ಅವನ ಪಕ್ಕದಲ್ಲಿ ಒಂದು ಆಡಿಗೆ ಹಿಂಭಾಗವೇ ಇರಲಿಲ್ಲ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಮೂರು ಪಾಲಾಗುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಶಾಂತಾ ಆ ಚಿತ್ರವನ್ನು ಪರದೆಯ ಮೇಲೆ ಇಡಗೊಡಲಿಲ್ಲ.

ನನ್ನ ಕೀರ್ತಿ ಮಾತ್ರ ಬಳಗದಲ್ಲಿ ಹಬ್ಬಿತು. ಹಾಗಾಗಿಯೇ ಒಂದು ದಿನ ಗಿರಿಜಕ್ಕ ಸಂಡೂರಿನ ಬಸ್ಸು ಹಿಡಿದು ಮನೆಗೆ ಬಂದಳು. ನನ್ನ ದೊಡ್ಡಪ್ಪನ ಮಗಳು ಅವಳು, ಇರುವುದು ಯಶವಂತನಗರದಲ್ಲಿ. ಅವಳ ಗಂಡ ಬಸಣ್ಣ ಮಾವ ಅದಿರು ಪುಡಿ ಮಾಡುವ ಕ್ರಷರಿನಲ್ಲಿ ಕೆಲಸ ಮಾಡಿ, ಎದೆ ಕಟ್ಟಿ, ಹಿಂದಿನ ವರ್ಷ ತೀರಿಕೊಂಡಿದ್ದರು. ಅಕ್ಕ ಸೆರಗಿನ ಗಂಟು ಬಿಚ್ಚಿ ಒಂದು ಕ್ಯಾಸೆಟ್ಟು ತೆಗೆದಳು.

“ತಮ್ಮಾ, ಇದರಾಗ ನಿಮ್ಮ ಮಾವಾರ ಮಾತೈತಿ. ಟೇಪ್ ರಿಕಾರ್ಡರ್ ತಂದ ದಿನ ಕಟ್ಟಿ ಮ್ಯಾಲೆ ಕುಂತು ಮಾತಾಡಿದ್ದು. ಲಾರಿ ಸಪ್ಪಳದಾಗ ಏನೂ ತಿಳಿಯಂಗಿಲ್ಲ. ಮುಖಕ್ಕ ಫೋಟೋ ಐತಿ. ದನಿಗೆ ಏನೈತಿ? ದನಿ ಮರ್ತು ಹೊಂಟೈತಿ ನನಗ.”

ಅಷ್ಟು ಹೇಳಿ ಕ್ಯಾಸೆಟ್ಟನ್ನು ನನ್ನ ಕೈಗಿಟ್ಟಳು. ನನಗೆ ಕೆಡುಕೆನಿಸಿತು. ಆದರೆ ಚಟಗಾರನ ಬುದ್ಧಿ ನೋಡಿ, ಅದೇ ಗಳಿಗೆಯಲ್ಲಿ ಒಳಗೊಳಗೆ ಖುಷಿಯೂ ಆಯಿತು. ಗದ್ದಲ ತೆಗೆಯುವ ಪ್ರೋಗ್ರಾಂ ಒಂದನ್ನು ಆಗಷ್ಟೇ ತಂದಿದ್ದೆ. ಮಾಡಿದವನು ದುಡ್ಡು ಕೇಳಿರಲಿಲ್ಲ. ಇಷ್ಟವಾದರೆ ನಿಮ್ಮ ಊರಿನದೊಂದು ಪೋಸ್ಟ್‌ಕಾರ್ಡ್ ಕಳಿಸಿ ಎಂದಷ್ಟೇ ಬರೆದಿದ್ದ.

ಇಲ್ಲಿ ಯಶವಂತನಗರದ ಒಂದು ರೂಢಿಯನ್ನು ಹೇಳಬೇಕು. ರಸ್ತೆ ಮಗ್ಗುಲಿನ ಮನೆಯವರು ಅದಿರಿನ ಲಾರಿ ಬಂದರೆ ಮಾತು ನಿಲ್ಲಿಸುತ್ತಾರೆ. ದನಿ ಏರಿಸುವುದಿಲ್ಲ, ಬೇಸರ ಪಡುವುದಿಲ್ಲ. ಲಾರಿ ಹೋದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಾರೆ. ಒಮ್ಮೆ ಗಿರಿಜಕ್ಕ ಚಹಾ ಕೊಟ್ಟು “ಸಕ್ರಿ...” ಎಂದು ನಿಂತಳು. ಒಂದರ ಹಿಂದೆ ಒಂದು ಲಾರಿ ಹೋದವು. ನಾನು ಚಹಾ ಕುಡಿದು ಕಪ್ಪು ಕೆಳಗಿಟ್ಟ ಮೇಲೆ “...ಭಾಳ ಆತೇನು?” ಎಂದಳು. ಬಸಣ್ಣ ಮಾವ ಕ್ಯಾಸೆಟ್ಟಿನಲ್ಲೂ ಹಾಗೆಯೇ ನಿಂತು ನಿಂತು ಮಾತಾಡಿದ್ದರು, ಆದರೂ ದೂರದ ಲಾರಿಗಳ ಮೊರೆತ ಮಾತನ್ನು ಅರ್ಧ ಮುಚ್ಚಿತ್ತು. ಗುಡ್ಡದಿಂದ ಕರಡಿ ಇಳಿದು ಬಂದು ಹಿತ್ತಲಿನ ಸೀತಾಫಲ ತಿಂದು ಹೋದ ಕಥೆ ಅದು.

ಟೇಪ್ ರಿಕಾರ್ಡರಿಗೆ ತಂತಿ ಸಿಕ್ಕಿಸಿ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಗದ್ದಲ ತೆಗೆಯುವ ಆ ಪ್ರೋಗ್ರಾಮಿಗೆ ಗದ್ದಲ ಯಾವುದೆಂದು ತಾನಾಗಿ ತಿಳಿಯುವುದಿಲ್ಲ. ಮೊದಲು ಬರೀ ಗದ್ದಲವಿರುವ ತುಣುಕೊಂದನ್ನು ನಾವೇ ತೋರಿಸಬೇಕು. ಅದರ ಗುರುತು ಹಿಡಿದು, ಅಂಥದ್ದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹುಡುಕಿ ತೆಗೆಯುತ್ತದೆ. ಮಾವ ಲಾರಿಗಾಗಿ ಮಾತು ನಿಲ್ಲಿಸಿದ ಜಾಗವೊಂದನ್ನು ತೋರಿಸಿದೆ. ಮಾತಿಲ್ಲ, ಲಾರಿ ಮಾತ್ರ ಇದೆ. ಗದ್ದಲವೆಂದರೆ ಅದೇ ತಾನೆ?

ಲಾರಿಗಳೆಲ್ಲ ಮಾಯವಾದವು. ಮಾವ ನನ್ನ ಬೆನ್ನ ಹಿಂದಿನ ಕುರ್ಚಿಯಲ್ಲೇ ಕೂತು ಮಾತಾಡಿದಂತೆ ಕೇಳಿಸಿತು. ಒಮ್ಮೆ ತಿರುಗಿ ನೋಡಿದೆ ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. “ಕರಡಿ ಬಂತು” ಎನ್ನುತ್ತಾರೆ. ಆಮೇಲೆ ಏನೂ ಇಲ್ಲ, ಬಾವಿಯೊಳಗಿನಂಥ ಮೌನ. ಆಮೇಲೆ “ಹೌದು, ನಮ್ಮ ಹಿತ್ತಲಕ” ಎನ್ನುತ್ತಾರೆ. ಲಾರಿ ಇದ್ದಾಗ ಅದು ಬರೀ ನಿಲುಗಡೆಯಾಗಿತ್ತು. ಈಗ ನನಗೆ ಕೇಳಿಸದ ಯಾರೋ ಏನೋ ಕೇಳಿದಂತೆ, ಮಾವ ಅವರಿಗೆ ಉತ್ತರ ಕೊಡುತ್ತಿರುವಂತೆ ಇತ್ತು. ಕುತ್ತಿಗೆಯ ಹಿಂದೆ ತಣ್ಣಗಾಯಿತು. ಫ್ಯಾನಿನ ಗಾಳಿ ಇರಬೇಕೆಂದುಕೊಂಡೆ. ಫ್ಯಾನ್ ಹಾಕಿರಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಅಕ್ಕ ಬಂದಳು. ಸ್ಪೀಕರಿನ ಮುಂದೆ ಕೂರಿಸಿದೆ. ಮಾವನ ಮೊದಲ ಮಾತಿಗೆ ಅವಳ ಮುಖ ಅರಳಿತು, ಬಾಯಿಗೆ ಸೆರಗು ಹಿಡಿದು ನಕ್ಕಳು ಕೂಡ. ನಾನು ಶಾಂತಾಳ ಕಡೆ ನೋಡಿ, ನೋಡಿದೆಯಾ ಎಂದು ಹುಬ್ಬು ಹಾರಿಸಿದೆ. ಕರಡಿ ಇನ್ನೂ ಸೀತಾಫಲದ ಗಿಡಕ್ಕೆ ಬಂದಿರಲಿಲ್ಲ, ಅಷ್ಟರಲ್ಲಿ ಅಕ್ಕನ ನಗು ನಿಂತಿತು. ಕಿವಿಯನ್ನು ಸ್ಪೀಕರಿಗೆ ಹತ್ತಿರ ತಂದಳು. ಆಮೇಲೆ ಸರ್ರನೆ ಹಿಂದೆ ಸರಿದಳು.

“ಬಂದ್ ಮಾಡೋ ತಮ್ಮಾ. ಇವ್ರು ಉಸಿರಾಡವಲ್ರು.”

ಬಂದ್ ಮಾಡಿದೆ. ನಾನೇ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ. ಹೌದು. ಮಾತಿನ ಮೇಲೆ ಮಾತು, ವಾಕ್ಯದ ಮೇಲೆ ವಾಕ್ಯ. ಒಂದು ಕಡೆಯೂ ಮಾವ ಉಸಿರು ಎಳೆದುಕೊಳ್ಳುವುದಿಲ್ಲ, ಬಿಡುವುದೂ ಇಲ್ಲ. ಸತ್ತವರ ದನಿ ಕೇಳಿದರೆ ದುಃಖವಾಗುತ್ತದೆ, ಅದು ಸಹಜ. ಸತ್ತವರು ಸತ್ತ ಹಾಗೆಯೇ ಕೂತು ಕರಡಿಯ ಕಥೆ ಹೇಳಿದರೆ ಏನಾಗುತ್ತದೆ ಎಂದು ನನಗೆ ಅವತ್ತು ತಿಳಿಯಿತು. ಶಾಂತಾ ಎದ್ದು ಹೋಗಿ ಹಾಡಹಗಲಲ್ಲೇ ದೇವರ ಮುಂದೆ ದೀಪ ಹಚ್ಚಿದಳು.

ಎಲ್ಲಿ ತಪ್ಪಿತೆಂದು ಆಗ ಹೊಳೆಯಿತು. ಲಾರಿ ಹೋಗುವವರೆಗೆ ಮಾವ ಮಾತು ನಿಲ್ಲಿಸಿದ್ದರೇ ಹೊರತು ಉಸಿರು ನಿಲ್ಲಿಸಿರಲಿಲ್ಲ. ನಾನು ಗದ್ದಲವೆಂದು ತೋರಿಸಿದ ತುಣುಕಿನಲ್ಲಿ ಅವರ ಎದೆಯ ಗೊರಗೊರವೂ ಇತ್ತು. ಆ ಊರಿನ ಕಟ್ಟೆಗಳ ಮೇಲೆ ಕ್ರಷರಿನವರ ಎದೆಗಳಿಂದ ಆ ಸದ್ದನ್ನು ಎಷ್ಟು ಸಲ ಕೇಳಿದ್ದೆನೆಂದರೆ, ಅದು ಮನುಷ್ಯರ ಸದ್ದು ಎಂಬುದೇ ಮರೆತುಹೋಗಿತ್ತು. ಇಂದ್ರಿಯಗಳೆಲ್ಲ ನಾನು ಹೆಚ್ಚು ತಾನು ಹೆಚ್ಚು ಎಂದು ಜಗಳಾಡಿದ ಕಥೆಯನ್ನು ಚಿಕ್ಕಂದಿನಲ್ಲಿ ಹರಿಕಥೆಯಲ್ಲಿ ಕೇಳಿದ್ದೆ. ಮಾತು ಎದ್ದು ಹೋದರೂ ದೇಹ ಮೂಕನಂತೆ ಬದುಕಿತು, ಕಣ್ಣು ಹೋದರೂ ಕುರುಡನಂತೆ ಬದುಕಿತು, ಉಸಿರು ಹೊರಡಲು ಎದ್ದು ನಿಂತಾಗ ಉಳಿದವೆಲ್ಲ ಅದರ ಕಾಲಿಗೆ ಬಿದ್ದವು. ನನ್ನ ಪ್ರೋಗ್ರಾಂ ಆ ಕಥೆ ಕೇಳಿರಲಿಲ್ಲ. ಕೇಳಿದ್ದ ನನಗೂ ಅದರಿಂದ ಬುದ್ಧಿ ಬಂದಿರಲಿಲ್ಲ.

ಪ್ರೋಗ್ರಾಮಿನ ಮೂಲೆಯಲ್ಲಿ ಒಂದು ಗುಂಡಿಯಿತ್ತು. ಒತ್ತಿದರೆ ತೆಗೆದುಹಾಕಿದ್ದನ್ನು ಮಾತ್ರ ಕೇಳಿಸುತ್ತದೆ. ಅಕ್ಕನನ್ನು ಹಾಗೇ ಬಸ್ಸು ಹತ್ತಿಸಲು ಮನಸ್ಸಾಗದೆ, ಬೇರೇನೂ ತೋಚದೆ ಹೆಡ್‌ಫೋನ್ ಕಿತ್ತು ಅದನ್ನು ಒತ್ತಿದೆ.

ಲಾರಿ ಬಂತು, ಹೋಯಿತು. ಅದರ ಅಡಿಯಿಂದ ಉಸಿರು ಎದ್ದಿತು. ಎಳೆದುಕೊಳ್ಳುವಾಗ ಗೊರಗೊರ, ಬಿಡುವಾಗ ಕುಕ್ಕರು ಕೂಗುವ ಮೊದಲು ಬರುವಂಥ ಸಣ್ಣ ಸೀಟಿ. ಮತ್ತೆ ಲಾರಿ, ಮತ್ತೆ ಉಸಿರು. ಒಂದು ಮಾತೂ ಇಲ್ಲ. ಕೋಣೆಯಲ್ಲಿ ನಾವು ಮೂವರಲ್ಲದೆ ಇನ್ನೊಬ್ಬರು ಸುಮ್ಮನೆ ಕೂತಿದ್ದರು. ನನಗೆ ನಿಜವಾಗಿಯೂ ಭಯವಾಯಿತು, ಬಂದ್ ಮಾಡಲು ಕೈ ಚಾಚಿದೆ.

“ಇರಲಿ ಬಿಡೋ” ಎಂದಳು ಅಕ್ಕ.

ಅವಳು ಕಣ್ಣು ಮುಚ್ಚಿದ್ದಳು. ನೋಡನೋಡುತ್ತ ಅವಳ ಎದೆಯೂ ಆ ಉಸಿರಿನ ಜೊತೆಗೇ ಏರಿ ಇಳಿಯತೊಡಗಿತು. ಮುಗಿದ ಮೇಲೆ ಕಣ್ಣು ತೆರೆದಳು.

“ಇದನ್ನ ಕೊಡು ನನಗ” ಎಂದಳು.

“ಅಕ್ಕಾ, ಇದು ತೆಗೆದು ಒಗೆದದ್ದು. ಬೇರೆ ತುಣುಕು ತೋರಿಸಿ ಮಾತನ್ನ ಇನ್ನೊಮ್ಮೆ ಸರಿ ಮಾಡಿಕೊಡ್ತೀನಿ.”

“ಬ್ಯಾಡ. ಮಾತು ಊರಿಗೆಲ್ಲ ಆಡ್ತಿದ್ರು. ಕರಡಿ ಕಥಿ ಕೇಳದವರು ಯಾರದಾರ? ಇದು ರಾತ್ರಿ ಮಗ್ಗಲದಾಗ ನನಗಷ್ಟ ಕೇಳಸ್ತಿತ್ತು. ಕೇಳಸ್ತು ಅಂದ್ರ ಅದಾರ ಅಂತ ಧೈರ್ಯ. ಮರ್ತಿದ್ದು ಇದನ್ನ, ತಮ್ಮಾ.”

ಸಿ.ಡಿ. ಮಾಡಿ ಕೊಟ್ಟೆ. ಕ್ಯಾಸೆಟ್ಟಿನ ಜೊತೆ ಸೆರಗಿಗೆ ಗಂಟು ಹಾಕಿಕೊಂಡು ಸಂಜೆಯ ಬಸ್ಸಿಗೆ ಹೋದಳು. ಆ ಪ್ರೋಗ್ರಾಮನ್ನು ನಾನಿನ್ನೂ ಅಳಿಸಿಲ್ಲ, ಚಟ ಸುಮ್ಮನೆ ಬಿಡುವುದಿಲ್ಲ. ಒಮ್ಮೆ ನನ್ನ ದನಿಯನ್ನೇ ಹಿಡಿದು ಅದಕ್ಕೆ ಕೊಟ್ಟು ನೋಡಿದೆ. ದನಿಯ ಹಿಂದೆ ಡ್ಯಾಂ ರಸ್ತೆಯ ಲಾರಿಗಳಿದ್ದವು. ಗದ್ದಲ ಯಾವುದು ತೋರಿಸಿ ಎಂದು ಕೇಳಿತು. ತುಂಬ ಹೊತ್ತು ಮೌಸ್ ಎಂಬ ಇಲಿ ಹಿಡಿದು ಕೂತು, ತೋರಿಸದೆ ಎದ್ದುಬಂದೆ.

ಮಾಡಿದವನಿಗೆ ಮಾತ್ರ ಪೋಸ್ಟ್‌ಕಾರ್ಡ್ ಕಳಿಸಿದೆ, ಹಂಪಿಯ ಕಲ್ಲಿನ ರಥದ್ದು. ಅದರ ಬೆನ್ನಿಗೆ ನನಗೆ ಬರುವ ಇಂಗ್ಲಿಷಿನಲ್ಲಿ ಹೀಗೆ ಬರೆದೆ: “ಸ್ವಾಮಿ, ನಿಮ್ಮ ಪ್ರೋಗ್ರಾಂ ಚೆನ್ನಾಗಿ ಕೆಲಸ ಮಾಡುತ್ತದೆ. ಬೇಡವಾದದ್ದನ್ನೆಲ್ಲ ತೆಗೆದು ಪಕ್ಕಕ್ಕಿಟ್ಟಿತು. ನಮ್ಮ ಅಕ್ಕ ಬಂದು ಅದನ್ನು ಮನೆಗೆ ಕರೆದುಕೊಂಡು ಹೋದಳು.”