ಚಿಕ್ಕಪ್ಪನ ತುರ್ತು ಪೆಟ್ಟಿಗೆ

ಮೊನ್ನೆ ಸಂಜೆ ಕೃಷ್ಣರಾಜನಗರದ ನಮ್ಮ ಬೀದಿಯಲ್ಲಿ ಗಾಳಿ ಎದ್ದಿತು, ಕರೆಂಟು ಹೋಯಿತು. ಇದಕ್ಕೇ ಕಾದಿದ್ದವಳಂತೆ ಎದ್ದು ಬೀರುವಿನಿಂದ ಕೆಂಪು ಚೀಲ ತೆಗೆದೆ. ಮೊಬೈಲಿಗೆ ಬಂದ ಯಾವುದೋ ಪಟ್ಟಿ ನೋಡಿ ತುಂಬಿಟ್ಟ ಚೀಲ ಅದು: ಟಾರ್ಚು, ಮೇಣದ ಬತ್ತಿ, ಹಗ್ಗ, ಗಾಯಕ್ಕೆ ಹತ್ತಿ. ಜಿಪ್ಪು ಎಳೆದೊಡನೆ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೂ ನನ್ನ ಚಿಕ್ಕಪ್ಪನಿಗೂ ನಂಟುಂಟು. ಇವತ್ತೂ ಕರೆಂಟು ಹೋಗಿದೆ, ಬರುವ ತನಕ ನಿಮಗೂ ಬೇರೆ ಕೆಲಸವಿರಲಾರದು, ಕೂತುಕೊಳ್ಳಿ, ಹೇಳುತ್ತೇನೆ.

ಚಿಕ್ಕಪ್ಪ ಕಟ್ಟೆಮಳಲವಾಡಿಯಲ್ಲಿ ಹೊಗೆಸೊಪ್ಪು ಬೆಳೆಯುವ ರೈತ. ಒಮ್ಮೆ ಹುಣಸೂರಿನಲ್ಲಿ ಮಳೆ, ಗಾಳಿ, ಬೆಂಕಿ ಅನಾಹುತಗಳನ್ನು ಎದುರಿಸುವ ಬಗ್ಗೆ ಒಂದು ದಿನದ ತರಬೇತಿ ನಡೆಯಿತು. ಊರಿನಿಂದ ಯಾರಾದರೊಬ್ಬರು ಹೋಗಬೇಕಿತ್ತು. ಮಧ್ಯಾಹ್ನದ ಊಟ ಉಂಟೆಂದು ತಿಳಿದು ಇವರು ಹೊರಟರು. ಹೋಗುವಾಗ ರೈತರಾಗಿದ್ದವರು ಬರುವಾಗ ಅಧಿಕಾರಿಯಾಗಿದ್ದರು. ಕೊರಳಲ್ಲಿ ಹಳದಿ ಸೀಟಿ, ಕೈಯಲ್ಲೊಂದು ಪಟ್ಟಿ. ಪಟ್ಟಿಯ ಮೊದಲ ಸಾಲು, "ಗಾಬರಿಯಾಗಬೇಡಿ."

ಮರುದಿನವೇ ಅಜ್ಜಿಯ ಮದುವೆ ಕಾಲದ ಟ್ರಂಕು ತುರ್ತು ಪೆಟ್ಟಿಗೆಯಾಯಿತು. ಒಳಗೆ ಹೊಸ ಟಾರ್ಪಾಲು, ಉದ್ದನೆಯ ಹಗ್ಗ, ಟಾರ್ಚು, ಹುಳ ಬೀಳದಿರಲೆಂದು ಹಿಡಿ ನುಸಿಗುಳಿಗೆ. ಬೀಗದ ಕೈ ಅವರ ಉಡಿದಾರದಲ್ಲಿ. ತುರ್ತು ಇಲ್ಲದೆ ಯಾರೂ ತೆಗೆಯಕೂಡದು. ಒಂದು ಸಂಜೆ ಒಲೆಯ ಮೇಲೆ ಸಾರು ಕುದಿಯುವಾಗ ಕರೆಂಟು ಹೋಗಿ, ಚಿಕ್ಕಮ್ಮ ಟಾರ್ಚು ಕೇಳಿದರು.

"ಇದು ತುರ್ತಲ್ಲ ಕಣೆ, ಬರೀ ಕತ್ಲು," ಎಂದರು ಚಿಕ್ಕಪ್ಪ.

ಚಿಕ್ಕಮ್ಮ ತಮ್ಮ ಹಳೆಯ ಬುಡ್ಡಿ ದೀಪ ಹಚ್ಚಿಕೊಂಡರು. ಆದರೆ ಪೆಟ್ಟಿಗೆಯ ನಿಜವಾದ ಬೀಗದ ಕೈ ಸಿಕ್ಕಿದ್ದು ಪಕ್ಕದ ಮನೆಯ ಪುಟ್ಟಸ್ವಾಮಿಗೆ.

"ಅಣ್ಣ, ತುರ್ತು ಕಣಣ್ಣ! ಮಗಳ್ನ ನೋಡಕ್ಕೆ ಗಂಡಿನ್ ಕಡೇರು ಬತ್ತಾವ್ರೆ, ಅಟ್ಟಿ ಮುಂದೆ ನೆಳ್ಳಿಲ್ಲ. ಟಾರ್ಪಾಲ್ ಕೊಡಣ್ಣ."

ತುರ್ತು ಎಂಬ ಮಾತು ಕಿವಿಗೆ ಬಿದ್ದದ್ದೇ ಚಿಕ್ಕಪ್ಪನ ಮುಖ ಅರಳಿತು. ಟಾರ್ಪಾಲು ಮಡಿಸುವ ವಿಧಾನದ ಬಗ್ಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟು, ಆಮೇಲೆ ಟಾರ್ಪಾಲು ಕೊಟ್ಟರು. ಉಪನ್ಯಾಸ ಕೇಳಿದರೆ ಸಾಮಾನು ಸಿಗುತ್ತದೆಂದು ಊರಿಗೆ ತಿಳಿಯಲು ಎಷ್ಟು ಹೊತ್ತು? ಹಗ್ಗ ಮಾದೇವಮ್ಮನ ಎಮ್ಮೆಯ ಕೊರಳಿಗೆ ಹೋಯಿತು. ಟಾರ್ಚು ಜೋಳದ ಹೊಲಕ್ಕೆ ಹಂದಿ ಕಾಯಲು ಹೋಯಿತು. ಕೊಟ್ಟದ್ದನ್ನು ಕೇಳಿ ತರುವುದು ನಮ್ಮ ಕಡೆ ಮರ್ಯಾದೆಯಲ್ಲ. ಅವರಾಗಿ ತಂದುಕೊಟ್ಟರೆ ಉಂಟು. ಅವರು ತರಲಿಲ್ಲ.

"ಊರ್ಗೆಲ್ಲ ತುರ್ತು, ನಮ್ಗ್ ಮಾತ್ರ ಕತ್ಲು," ಎಂದು ಚಿಕ್ಕಮ್ಮ ಆಡಿಕೊಂಡರು.

ಇದರ ಜೊತೆಗೆ ತಿಂಗಳಿಗೊಂದು ತಾಲೀಮು. ಮೂರು ಸಲ ಸೀಟಿ ಊದಿದರೆ ಊರೆಲ್ಲ ಓಡಿಬರಬೇಕೆಂಬ ನಿಯಮ. ಮೊದಲ ತಾಲೀಮಿಗೆ ಬಂದದ್ದು ಒಬ್ಬ ಮುದುಕ ಮಾತ್ರ, ಅದೂ ಬಸ್ಸು ಹೊರಟಿತೆಂದುಕೊಂಡು.

ಮೂರು ವರ್ಷದ ಕೆಳಗೆ ಗೌರಿ ಹಬ್ಬಕ್ಕೆ ಅಲ್ಲಿಗೆ ಹೋಗಿದ್ದೆ. ಅಪ್ಪ ಹೋದ ಮೇಲೆ ಅದೇ ನನ್ನ ತವರು. ಹಿತ್ತಲ ಬ್ಯಾರನ್ನಿನಲ್ಲಿ ಸೊಪ್ಪು ಬೇಯುತ್ತಿತ್ತು. ಬ್ಯಾರನ್ ಎಂದರೆ ಕಿಟಕಿಯಿಲ್ಲದ ಎತ್ತರದ ಕೋಣೆ. ಒಳಗೆ ಕಡ್ಡಿಗಳಿಗೆ ಕಟ್ಟಿ ಸಾಲಾಗಿ ತೂಗುಹಾಕಿದ ಸೊಪ್ಪು, ಕೆಳಗೆ ದಿನಗಟ್ಟಲೆ ಹದವಾದ ಕಾವು. ಮೇಲಿಂದ ನೀರು ಬಿತ್ತೋ, ಸೊಪ್ಪು ಕಪ್ಪಾಗುತ್ತದೆ, ಹರಾಜಿನಲ್ಲಿ ಯಾರೂ ಮೂಸುವುದಿಲ್ಲ. ಹೊಲದ ಒಳ್ಳೆಯ ಸೊಪ್ಪೆಲ್ಲ ಆ ದಿನ ಅದರೊಳಗಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ಗಾಳಿ ಎದ್ದಿತು. ಚಿಕ್ಕಮ್ಮ ಸೌದೆಯನ್ನು ಒಳಗೆಳೆದು, ಆಲಿಕಲ್ಲು ಬೀಳದಿರಲೆಂದು ಒನಕೆಯನ್ನು ಅಂಗಳಕ್ಕೆ ಎಸೆದರು.

"ಅದು ಪಟ್ಟೀಲಿಲ್ಲ," ಎಂದರು ಚಿಕ್ಕಪ್ಪ.

ಅಷ್ಟರಲ್ಲಿ ಮಳೆ ಶುರುವಾಯಿತು, ಬ್ಯಾರನ್ನಿನ ಮಾಡಿನ ಎರಡು ತಗಡು ಕಿತ್ತು ಹಾರಿದವು. "ಗಾಬರಿ ಆಗ್ಬ್ಯಾಡಿ! ಗಾಬರಿ ಆಗ್ಬ್ಯಾಡಿ!" ಎಂದು ಕೂಗುತ್ತ ಚಿಕ್ಕಪ್ಪ ಸೊಂಟದಲ್ಲೇ ಇದ್ದ ಬೀಗದ ಕೈಯನ್ನು ಮನೆಯೆಲ್ಲ ಹುಡುಕಿದರು. ಕೊನೆಗೆ ಟ್ರಂಕು ತೆಗೆದರೆ ಒಳಗೆ ನಾಲ್ಕು ನುಸಿಗುಳಿಗೆ, ಒಂದು ಪಟ್ಟಿ. ಅವರು ಅಲ್ಲೇ ಕುಸಿದು ಕೂತರು.

"ಸೊಪ್ಪು ಓಯ್ತು ಕಣವ್ವ," ಎಂದರು ನನಗೆ.

ಆ ಪೆಟ್ಟಿಗೆ ಬಂದಾಗಿನಿಂದ ಎರಡು ವರ್ಷ ಅವರನ್ನು ನೋಡಿ ನಕ್ಕಿದ್ದವಳು ನಾನು. ಆಗ ನಗು ಬರಲಿಲ್ಲ. ಅವರು ಅಂಗಳಕ್ಕೆ ಹೋಗಿ ಮಳೆಯಲ್ಲಿ ನಿಂತು ಮೂರು ಸಲ ಸೀಟಿ ಊದಿದರು. ಆ ಗಾಳಿಯಲ್ಲಿ ಪಕ್ಕದಲ್ಲಿದ್ದ ನನಗೇ ಅದು ಸರಿಯಾಗಿ ಕೇಳಲಿಲ್ಲ.

ಬೇಲಿ ದಾಟಿ ಮೊದಲು ಬಂದವನು ಪುಟ್ಟಸ್ವಾಮಿ, ತಲೆಯ ಮೇಲೆ ಟಾರ್ಪಾಲು. ಹಿಂದೆಯೇ ಮಾದೇವಮ್ಮ, ಎಮ್ಮೆಯ ಕೊರಳಿಂದ ಬಿಚ್ಚಿ ತಂದ ಹಗ್ಗದೊಂದಿಗೆ. ಹೊಲದಿಂದ ಟಾರ್ಚಿನವನೂ ಬಂದ. ಏಣಿ ಹತ್ತುವವರು ಹತ್ತಿದರು, ಹಿಡಿಯುವವರು ಹಿಡಿದರು, ಚಿಕ್ಕಮ್ಮ ಎಲ್ಲರನ್ನೂ ಬೈಯುತ್ತ ಗಂಟು ಬಿಗಿಸಿದರು. ಮೇಲಿನ ಸಾಲಿನ ಒಂದಷ್ಟು ಕಡ್ಡಿ ನೆನೆದವು. ಉಳಿದ ಸೊಪ್ಪು ಉಳಿಯಿತು.

ಮಳೆ ನಿಂತು ಕಾಫಿ ಕುಡಿಯುವಾಗ ಚಿಕ್ಕಪ್ಪನಿಗೆ ಮತ್ತೆ ಅಧಿಕಾರ ಬಂತು. "ನೋಡ್ದ್ಯಾ ಪುಟ್ಟಸ್ವಾಮಿ, ಸೀಟಿ ಅಂದ್ರೆ ಅದು."

"ಸೀಟಿ ಯಾವೋನ್ ಕೇಳ್ದ ಬುಡಣ್ಣ. ನಿನ್ ತಗಡು ನಮ್ ಅಟ್ಟಿಗ್ ಬಂದ್ ಬಿತ್ತು. ಟಾರ್ಪಾಲು ನನ್ನತ್ರಾನೇ ಐತಲ್ಲಪ್ಪ ಅಂತ ಓಡ್ಬಂದೆ."

ಚಿಕ್ಕಪ್ಪ ಪೆಚ್ಚಾದರು. ನಾನು ಮಾತ್ರ ಆ ಮಾತನ್ನು ಕಟ್ಟಿಕೊಂಡು ಕೃಷ್ಣರಾಜನಗರಕ್ಕೆ ಬಂದೆ. ಟಾರ್ಪಾಲು ಟ್ರಂಕಿನಲ್ಲೇ ಇದ್ದಿದ್ದರೆ, ಅದನ್ನು ಹಿಡಿದು ನಾವು ಮೂವರೇ ಬ್ಯಾರನ್ನಿನ ಕೆಳಗೆ ಬಾಯಿ ಬಿಟ್ಟು ನಿಲ್ಲುತ್ತಿದ್ದೆವು.

ಬಂದು ಏನು ಮಾಡಿದೆ ಎನ್ನುತ್ತೀರಾ? ಈ ಕೆಂಪು ಚೀಲ ಕೊಂಡೆ. ಅದರಲ್ಲಿ ಎಲ್ಲವೂ ಇದೆ, ಕವರು ಕೂಡ ಒಡೆದಿಲ್ಲ. ಹೋದ ತಿಂಗಳು ಎದುರು ಮನೆಯ ಶಾರದಮ್ಮ ಟಾರ್ಚು ಕೇಳಲು ಬಂದಾಗ, "ಸೆಲ್ಲಿಲ್ಲ ಕಣ್ರೀ," ಎಂದು ಕಳಿಸಿದವಳು ನಾನೇ. ಮೊನ್ನೆ ಆ ವಾಸನೆಯ ಮುಂದೆ ಕೂತಾಗ ನಾಚಿಕೆಯಾಯಿತು. ಟಾರ್ಚು ಎತ್ತಿಕೊಂಡು ಬೀದಿ ದಾಟಿದೆ.

"ತಗೊಳ್ಳಿ, ನಿಮ್ಮ ಹತ್ರಾನೇ ಇರಲಿ," ಎಂದೆ.

ಶಾರದಮ್ಮ ಗುಂಡಿ ಒತ್ತಿ ಬೆಳಕನ್ನು ನೇರ ನನ್ನ ಮುಖಕ್ಕೇ ಬಿಟ್ಟರು. "ಓದ್ಸತಿ ಸೆಲ್ಲಿಲ್ಲ ಅಂದಿದ್ರಿ?"

"ಸುಳ್ಳು ಹೇಳಿದ್ದೆ ಕಣ್ರೀ."

"ಗೊತ್ತಿತ್ತು ಬುಡಿ," ಎಂದು ಅವರು ಬಾಗಿಲು ಪೂರ್ತಿ ತೆರೆದರು. "ಒಳಿಕ್ ಬನ್ನಿ. ಗ್ಯಾಸ್ಗೇನ್ ಕರೆಂಟ್ ಬೇಡ, ಕಾಫಿ ಇಡ್ತೀನಿ."