ಹೆಸರು ಬದಲಾದ ಚುಕ್ಕಿ

ನಮ್ಮ ಎದುರು ಫ್ಲ್ಯಾಟಿನ ಹುಡುಗಿ ಮೈಸೂರಿನ ಕಡೆಯವಳು. ಕೆಲಸ ಇಲ್ಲೇ ಪುಣೆಯ ಹಿಂಜವಾಡಿಯಲ್ಲಿ, ವಾರದಲ್ಲಿ ಕೆಲವು ದಿನ ಮನೆಯಿಂದಲೇ. ನಾನು ಕಾನ್ವೆಂಟಿನಲ್ಲಿ ಓದಿದವಳೆಂದು ಮಾತಿಗೆ ಹೇಳಿದ್ದೇ ನೆಪವಾಗಿ, ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ಎತ್ತಿಕೊಂಡು ನಮ್ಮ ಊಟದ ಮೇಜಿಗೇ ಬಂದಳು.

"ಆಂಟಿ, ನಮ್ಮ ಟೂಲ್‌ಗೆ ಡಾಕ್ಯುಮೆಂಟೇಶನ್ ಬರ್ದಿದೀನಿ. ಇಂಗ್ಲಿಷ್ ಸರಿ ಇದ್ಯಾ ನೋಡ್ತೀರಾ? ಇದನ್ನ ಓದೋದು ಮನುಷ್ಯರಲ್ಲ, ಏಜೆಂಟ್‌ಗಳು."

"ಯಾವ ಏಜೆಂಟರವಾ, ವಿಮಾ ಮಾಡಸವ್ರೇನು?"

"ಅಯ್ಯೋ ಆಂಟಿ! ಎಐ ಏಜೆಂಟ್, ಪ್ರೋಗ್ರಾಂ. ಬರೆದಿದ್ದನ್ನ ಬರೆದ ಹಾಗೇ ಮಾಡುತ್ತೆ, ವಾಪಸ್ ಏನೂ ಕೇಳಲ್ಲ."

ಪರದೆಯ ಮೇಲೆ ಚುಕ್ಕಿಗಳು, ಅವುಗಳ ನಡುವೆ ಗೆರೆಗಳು. ಒಂದೊಂದು ಚುಕ್ಕಿಯೂ ಒಬ್ಬ ಮನುಷ್ಯ. ಗೆರೆ ಅಂದರೆ ಅವರಿಗೂ ಇನ್ನೊಬ್ಬರಿಗೂ ಇರುವ ಸಂಬಂಧ. ಇದಕ್ಕೆ ಗ್ರಾಫ್ ಡೇಟಾಬೇಸ್ ಎನ್ನುತ್ತಾರಂತೆ. ಏನಾದರೂ ಬದಲಾದಾಗ ಏಜೆಂಟ್ ಅದನ್ನು ತಿದ್ದುವುದು ಹೇಗೆ ಎಂದು ಅವಳು ಬರೆದಿದ್ದಳು. ಅಲ್ಪವಿರಾಮಗಳು ಅಲ್ಲಲ್ಲಿ ತಪ್ಪಿದ್ದವು, ಅಷ್ಟೇ. ಒಂದು ಉದಾಹರಣೆಯ ಹತ್ತಿರ ಮಾತ್ರ ನಿಂತುಬಿಟ್ಟೆ. ಮದುವೆಯಾಗಿ ಹೆಸರು ಬದಲಾದ ಹೆಂಗಸು. ಹೊಸ ಹೆಸರಿಗೊಂದು ಚುಕ್ಕಿ ಇಡು, ಗಂಡನಿಗೆ ಗೆರೆ ಎಳೆ, ಹಳೆಯ ಚುಕ್ಕಿ ಅಳಿಸು.

"ಹಳೇ ಚುಕ್ಕಿಗೆ ಇದ್ದ ಗೆರಿ ಏನಾಗ್ತಾವು?"

"ಚುಕ್ಕಿ ಜೊತೆ ಅವೂ ಹೋಗ್ತವೆ."

"ಹಂಗಾದ್ರ ಆಕಿ ಗೆಳತ್ಯಾರು?"

ಹುಡುಗಿ ಪರದೆ ನೋಡಿದಳು, ಆಮೇಲೆ ನನ್ನ ಮುಖ. "ನಿಮ್ಮ ಹೆಸರೂ ಬದಲಾಯ್ಸಿದ್ರಾ ಆಂಟಿ?"

ಬದಲಾಯಿಸಿದ್ದರು. ನಮ್ಮ ಕಡೆ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಗಂಡ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ನನಗೆ ಆ ಹೆಸರು ಇಷ್ಟವೇ ಆಗಿತ್ತು. ಎಲ್ಲರೂ ಪೇಢೆ ತಿಂದರು. ಧಾರವಾಡದ ಕಾನ್ವೆಂಟಿನಲ್ಲಿ ನನ್ನ ಪಕ್ಕ ಕೂತು ಬೆಳೆದ ಗೆಳತಿ ಮಾತ್ರ ಪರೀಕ್ಷೆಯಿದ್ದುದರಿಂದ ಬಂದಿರಲಿಲ್ಲ. ರಿಬ್ಬನ್ನಿನ ತುದಿ ಕಚ್ಚುತ್ತ ಲೆಕ್ಕ ಬಿಡಿಸುತ್ತಿದ್ದವಳು. ಸಿಸ್ಟರ್ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರೆ ತಾನೂ ಬೇಕಂತಲೇ ಏನಾದರೊಂದು ತಪ್ಪು ಮಾಡಿ ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದಳು.

ಮುಂದೆ ಅವಳಿಗೂ ಪುಣೆಯ ವರನೇ ಸಿಕ್ಕ, ಹಡಪಸರಕ್ಕೆ ಬಂದಳು. ಊರಲ್ಲಿ ಯಾರೋ ಕೊಟ್ಟ ಗುರುತು ಹಿಡಿದು ನಾವಿದ್ದ, ಹತ್ತಾರು ಸಂಸಾರಗಳ ವಾಡೆಗೆ ಹುಡುಕಿಕೊಂಡು ಬಂದು, ನನ್ನ ತವರಿನ ಹೆಸರು ಹೇಳಿ ಕೇಳಿದ್ದಾಳೆ. ನಳದ ಹತ್ತಿರ ಬಟ್ಟೆ ಒಗೆಯುತ್ತಿದ್ದವರು "ಅಶೀ ಕೋಣೀ ನಾಹೀ ಇಥೇ" ಅಂದರಂತೆ. ಅವರೇನೂ ಸುಳ್ಳು ಹೇಳಲಿಲ್ಲ. ಅಂಥ ಹೆಸರಿನವರು ಅಲ್ಲಿ ಯಾರೂ ಇರಲಿಲ್ಲ. ನಾನು ಮಹಡಿಯ ಮೇಲೆ ಬಹುಶಃ ಕೊತ್ತಂಬರಿ ಸೋಸುತ್ತ ಕೂತಿದ್ದೆ.

ಶಾಲೆಯ ಗೆಳತಿಯರ ವಾಟ್ಸ್ಯಾಪ್ ಗುಂಪಿನಲ್ಲಿ ಈಚೆಗೆ ಇನ್ನೊಬ್ಬಳು ಹೇಳಿದಾಗಲೇ ನನಗೆ ಇದು ಗೊತ್ತಾದದ್ದು. ಹಡಪಸರದವಳ ನಂಬರೂ ಅಲ್ಲೇ ಇತ್ತು. ಫೋನ್ ಮಾಡಲು ಧೈರ್ಯ ಬಂದಿರಲಿಲ್ಲ. ಅವಳು ಇನ್ನೂ ನನ್ನವಳೋ ಅಲ್ಲವೋ, ಕೇಳದೆ ಇರುವಷ್ಟು ದಿನ ಎರಡನ್ನೂ ನಂಬಿಕೊಂಡಿರಬಹುದಲ್ಲ.

ಇದನ್ನೆಲ್ಲ ಕೇಳಿದ ಹುಡುಗಿ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. "ಆ ಪ್ಯಾರಾ ನೀವೇ ಬರ್ದುಬಿಡಿ ಆಂಟಿ."

ಬರೆದೆ. ಹೆಸರು ಬದಲಾದರೆ ಮನುಷ್ಯ ಬದಲಾಗುವುದಿಲ್ಲ. ಚುಕ್ಕಿಯನ್ನು ಅಳಿಸಬೇಡ, ಗೆರೆಗಳನ್ನು ಮುಟ್ಟಬೇಡ. ಹಳೆಯ ಹೆಸರನ್ನೂ ಅದರಲ್ಲೇ ಇಡು. ಯಾರಾದರೂ ಆ ಹೆಸರು ಹಿಡಿದು ಹುಡುಕಿಕೊಂಡು ಬಂದರೆ ಸಿಗಬೇಕು, ದಯವಿಟ್ಟು.

"ಏಜೆಂಟ್‌ಗೆಲ್ಲ ಪ್ಲೀಸ್ ಬೇಡ ಆಂಟಿ!"

"ಇರ್ಲಿ ಬಿಡು, ಸಿಸ್ಟರ್ ಬೈತಾರ."

ಅವಳು ನಕ್ಕು, ಅಲ್ಲೇ ಏಜೆಂಟನ್ನು ನಡೆಸಿ ನೋಡಿದಳು. ಹಳೆಯ ಹೆಸರು ಕೊಟ್ಟರೂ ಅದೇ ಚುಕ್ಕಿ ಸಿಕ್ಕಿತು, ಎಲ್ಲ ಗೆರೆಗಳ ಸಮೇತ. "ನೋಡಿ, ಎಷ್ಟು ಸುಲಭ! ಈಗ ನೀವು ಫೋನ್ ಮಾಡಿ."

ಅವಳು ಹೋದ ಮೇಲೆ ಮಾಡಿದೆ. ತವರಿನ ಹೆಸರು ಹೇಳಿಕೊಂಡೆ. ನನ್ನ ಬಾಯಲ್ಲೇ ಅದು ಯಾರದೋ ಹೆಸರಿನಂತೆ ಕೇಳಿಸಿತು.

"ಹೌದ್ರಿ? ಭಾಳ ಛಲೋ ಆತು ನೋಡ್ರಿ, ಫೋನ್ ಮಾಡಿದ್ದು."

"ನೀ ವಾಡೇಕ ಬಂದಿದ್ದಿ ಅಂತ ಈಗ ಗೊತ್ತಾತವಾ."

"ಎರಡ ಸಲ ಬಂದಿದ್ದೆ. ಆವಾಗ ಈ ಊರಾಗ ನನಗ ಯಾರೂ ಇರಲಿಲ್ರಿ. ಮೊದಲನೇ ಕೂಸು ಹೋಗಿತ್ತು. ನಿಮ್ಮ ಮುಂದ ಕೂತು ಒಂದೀಟು ಅತ್ತಿದ್ರ ಸಾಕಿತ್ತು." ಸ್ವಲ್ಪ ನಕ್ಕಳು. "ಮದವಿ ಆಗಿ ದೊಡ್ಡಾಕಿ ಆಗ್ಯಾಳ, ಒಳಗ ಇದ್ದಕೊಂಡು ಇಲ್ಲ ಅನಸ್ಯಾಳ ಅಂತ ತಿಳಕೊಂಡಬಿಟ್ಟೆ."

"ಹಂಗಲ್ಲವಾ, ನನ್ನ ಹೆಸರು..."

"ಈಗ ಗೊತ್ತದರೀ, ಗ್ರೂಪಿನ್ಯಾಗ ಹೇಳಿದ್ರು. ನಿಮ್ಮ ತಪ್ಪೇನಿಲ್ಲ. ಆದರ ಇಷ್ಟ ವರ್ಷ ಸಿಟ್ಟು ಇಟಗೊಂಡಿದ್ನಲ್ಲ, ಅದನ್ನ ಈಗ ಎಲ್ಲಿ ಇಡ್ಲಿ ಹೇಳ್ರಿ?"

"ನಾಳೆ ಹಡಪಸರಕ್ಕ ಬರ್ಲೇನು?" ಅಂದೆ.

ಆ ಕಡೆ ಕುಕ್ಕರಿನ ಸೀಟಿ ಕೂಗಿತು.

"ನಾಳೆ ಬ್ಯಾಡ್ರಿ," ಅಂದಳು.

ಮತ್ತೆ ಯಾವಾಗ ಎಂದು ಕೇಳದೆ ಫೋನ್ ಇಟ್ಟೆ.