ಬಟ್ಟೆ ಬಿಗಿದ ಬಾಟಲಿ

ಬಳ್ಳಾರಿಯ ಉಚ್ಚೆಂಗೆಮ್ಮ ಇಪ್ಪತ್ತೆರಡು ವರ್ಷ ಸವೆಸಿದ ನರ್ಸ್. ಡೆಂಗಿ ಸೊಳ್ಳೆ ಯಾವಾಗ ಕಚ್ಚುತ್ತದೆಂದು ತರಬೇತಿಯಲ್ಲಿ ಕೇಳಿದಾಗ ಆಕೆ "ರಾತ್ರಿ" ಎಂದಳು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ತಬಸ್ಸುಮ್ "ಹಗಲು" ಎಂದು ಚಪ್ಪಾಳೆ ಗಿಟ್ಟಿಸಿದಳು. ಅಂದಿನಿಂದ ಉಚ್ಚೆಂಗೆಮ್ಮನ ಹೊಟ್ಟೆಯಲ್ಲಿ ಕಿಚ್ಚು.

ಲಾರ್ವಾ ಸರ್ವೆಯ ನೆಪ ಹೇಳಿ ತಬಸ್ಸುಮಳ ಮನೆಗೇ ನುಗ್ಗಿದಳು. ಅದಿರು ಲಾರಿಗಳ ಕೆಂಪು ಧೂಳು ಮೆತ್ತಿದ ಕಿಟಕಿಯಲ್ಲಿ, ಬಾಯಿಗೆ ಬಟ್ಟೆ ಬಿಗಿದ ಬಾಟಲಿಯೊಳಗೆ ಸೊಳ್ಳೆಮರಿಗಳು ಕುಣಿಯುತ್ತಿದ್ದವು. "ಸಿಕ್ಕಿಬಿದ್ಲು ಜಾಣಿ!" ಎಂದು ಒಳಗೊಳಗೇ ಹಿಗ್ಗಿದಳು.

ಹುಡುಗಿಯ ತಾಯಿ ಮದಾರಬೀ ಚಹಾ ತಂದಳು. "ಓಣಿ ಮಂದಿಗೆ ತೋರ್ಸಾಕ ಇಟ್ಟಾಳ್ರಿ. ನೀವಿಲ್ಲದಾಗ ಸರ್ವೆಕ್ಕ ನಿಮ್ಮ ಮನಿಗೆ ಬಂದಿದ್ಲಂತ, ನಿಮ್ಮ ನೀರಿನ ಡ್ರಮ್ಮಿನಾಗ ಸಿಕ್ಕವಂತ. 'ಯಾರ ಮುಂದೂ ಅನಬ್ಯಾಡ ಅಮ್ಮೀ, ಅಕ್ಕನ ಮರ್ಯಾದಿ ಹೋಗ್ತೈತಿ' ಅಂದಾಳ."

ಉಚ್ಚೆಂಗೆಮ್ಮನ ಹೊಟ್ಟೆ ಈಗ ಆ ಹುಡುಗಿಯ ಒಳ್ಳೆಯತನಕ್ಕೂ ಉರಿಯಿತು.